ಹಳೆಯ ಡನ್‌ಹಿಲ್ ರೋಲಾಗ್ಯಾಸ್ ಲೈಟರ್: ಬೆಳಗಾವಿಯಲ್ಲಿ ಎರಡು ವರ್ಷ ಬಳಸಿದ ಮೇಲೆ

ಎರಡು ವರ್ಷಗಳಿಂದ ನಮ್ಮ ಮನೆಯ ಸಂಜೆಯ ದೀಪ ಹೊತ್ತಿಕೊಳ್ಳುತ್ತಿರುವುದು ಲಂಡನ್ನಿನ ಡನ್‌ಹಿಲ್ ಕಂಪನಿಯ ರೋಲಾಗ್ಯಾಸ್ ಎಂಬ ಹಳೆಯ ಅನಿಲದ ಲೈಟರಿನಿಂದ. ಬೆಳ್ಳಿಯ ಮುಲಾಮಿನ, ಅಂದರೆ ತೆಳು ಲೇಪದ ಮೈ, ಅದರ ಮೇಲೆ ಜವೆಗೋಧಿಯ ಕಾಳುಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಾಣುವ ಬಾರ್ಲಿ ಕೆತ್ತನೆ, ಬುಡದಲ್ಲಿ ಕಂಪನಿಯ ಹೆಸರು, ಸ್ವಿಟ್ಜರ್ಲೆಂಡಿನ ಮುದ್ರೆ ಮತ್ತು 24163 ಎಂಬ ಅಮೆರಿಕದ ಪೇಟೆಂಟ್ ಸಂಖ್ಯೆ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಹಳೆಯ ಮನೆಗಳ ಸಾಮಾನು ಕೊಂಡು ಮಾರುವ ಒಬ್ಬ ವ್ಯಾಪಾರಿಯಿಂದ ಇದನ್ನು 9,500 ರೂಪಾಯಿಗೆ ಕೊಂಡೆ. ಕೊಂಡಾಗ ಅದು ಹೊತ್ತುತ್ತಿರಲಿಲ್ಲ. ಇಂದು ಹತ್ತು ಸಲ ಉರುಳಿಸಿದರೆ ಹತ್ತು ಸಲವೂ ಹೊತ್ತುತ್ತದೆ. ಈ ಎರಡು ಸ್ಥಿತಿಗಳ ನಡುವೆ ನಡೆದದ್ದನ್ನು ವಿವರವಾಗಿ ಬರೆಯುವುದೇ ಈ ವಸ್ತುವಿನ ನಿಜವಾದ ವಿಮರ್ಶೆ ಎಂದು ನಾನು ತಿಳಿದಿದ್ದೇನೆ.

ನಾನು ನಮ್ಮೂರಿನ ಕೈಗಾರಿಕೆಗಳ ಬಡಾವಣೆಯಾದ ಉದ್ಯಮಬಾಗದಲ್ಲಿ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ನಡೆಯುವ) ಕವಾಟಗಳ ಕಾರ್ಖಾನೆಯೊಂದರಲ್ಲಿ 31 ವರ್ಷ ಜೋಡಣೆ ಮತ್ತು ಪರೀಕ್ಷೆಯ ವಿಭಾಗದಲ್ಲಿ ದುಡಿದವನು. ಬೀಡಿ, ಸಿಗರೇಟು ಎರಡನ್ನೂ ಸೇದಿದವನಲ್ಲ. ಸಂಗ್ರಹದ ಆಸೆ ಹುಟ್ಟಿದ್ದು ನಿಪ್ಪಾಣಿಯ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ತಾಯಿಯ ತಂದೆಯ ಚಂಚಿಯಿಂದ. ಹೊಗೆಸೊಪ್ಪಿನ ಸೀಮೆಯ ಹಿರಿಯರ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ಜೊತೆಗೆ ಚಕಮಕಿ ಕಲ್ಲು, ಉಕ್ಕಿನ ತುಂಡು ಮತ್ತು ಒಂದು ಹಿಡಿ ಅರಳೆ ಇರುತ್ತಿತ್ತು. ಅಜ್ಜ ಅರಳೆಯನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು, ಉಕ್ಕನ್ನು ಒಂದೇ ಸಲ ಬೀಸಿ, ಕಿಡಿ ಕೂತ ಜಾಗವನ್ನು ಮೆಲ್ಲಗೆ ಊದುತ್ತಿದ್ದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಡ್ಡಿಪೆಟ್ಟಿಗೆ ಮನೆಯಲ್ಲಿದ್ದಾಗಲೂ ಹೊಲದಲ್ಲಿ ಅವರು ಚಕಮಕಿಯನ್ನೇ ನಂಬುತ್ತಿದ್ದರು. ಮಳೆಗೆ ಕಡ್ಡಿ ಮೆತ್ತಗಾಗುತ್ತದೆ, ಕಲ್ಲು ಮೆತ್ತಗಾಗುವುದಿಲ್ಲ.

ಲೈಟರಿನಲ್ಲಿರುವುದನ್ನೂ ನಾವು ಕಲ್ಲು ಎಂದೇ ಕರೆಯುತ್ತೇವೆ, ಆದರೆ ಅದು ಕಲ್ಲಲ್ಲ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಕಂಡುಹಿಡಿದ, ಸೀರಿಯಂ ಮತ್ತು ಕಬ್ಬಿಣ ಸೇರಿದ ಮಿಶ್ರಲೋಹ ಅದು. ಅಜ್ಜನ ಚಕಮಕಿಯಲ್ಲಿ ಗಟ್ಟಿಯಾದ ಕಲ್ಲು ಉಕ್ಕನ್ನು ಕೆತ್ತುತ್ತಿತ್ತು; ಹಾರಿ ಉರಿಯುತ್ತಿದ್ದದ್ದು ಉಕ್ಕಿನ ಚೂರು. ಲೈಟರಿನಲ್ಲಿ ಇದು ತಿರುಗುಮುರುಗು. ಗಟ್ಟಿಯಾದ ಉಕ್ಕಿನ ಚಕ್ರ ಮೆದುವಾದ ಆ ಮಿಶ್ರಲೋಹವನ್ನು ಕೆತ್ತುತ್ತದೆ, ಸೀರಿಯಂ ಪುಡಿಯಾದಾಗ ಉಜ್ಜಿದ ಬಿಸಿಗೇ ಗಾಳಿಯಲ್ಲಿ ಉರಿಯುವ ಗುಣದ ಲೋಹವಾದ್ದರಿಂದ ಕೆತ್ತಿದ ಪುಡಿಯೇ ಕಿಡಿಯಾಗುತ್ತದೆ. ಹೀಗಾಗಿ ಲೈಟರಿನಲ್ಲಿ ಚಕ್ರ ಬಹುಕಾಲ ಉಳಿಯುತ್ತದೆ, ಕಲ್ಲು ಸವೆಯುತ್ತದೆ. ಹಳೆಯ ಲೈಟರ್ ಕೊಳ್ಳುವವರು ಈ ಒಂದು ಸಂಗತಿಯನ್ನು ತಿಳಿದಿದ್ದರೆ, ಕಿಡಿ ಬರುತ್ತಿಲ್ಲವೆಂದು ಒಳ್ಳೆಯ ವಸ್ತುವನ್ನು ಬಿಟ್ಟು ಬರುವ ತಪ್ಪು ಮಾಡುವುದಿಲ್ಲ.

ಇನ್ನು ರೋಲಾಗ್ಯಾಸ್ ವಿಷಯ. ಆಲ್ಫ್ರೆಡ್ ಡನ್‌ಹಿಲ್ ಲಂಡನ್ನಿನಲ್ಲಿ ತಂದೆಯ ಕುದುರೆ ಜೀನಿನ ವ್ಯಾಪಾರವನ್ನು ಕೈಗೆತ್ತಿಕೊಂಡದ್ದು 1893ರಲ್ಲಿ. ಮೋಟಾರು ವಾಹನಗಳ ಸಾಮಗ್ರಿ ಮಾರಿ, 1907ರಲ್ಲಿ ಹೊಗೆಸೊಪ್ಪಿನ ಅಂಗಡಿ ತೆರೆದು, ಲೈಟರಿಗೆ ಬಂದದ್ದು ಆಮೇಲೆ. ಅವರ ಮೊದಲ ಹೆಸರಾಂತ ಲೈಟರ್ ‘ಯುನೀಕ್’ನ ಮೂಲ ಮಾದರಿಯನ್ನು ವೈಸ್ ಮತ್ತು ಗ್ರೀನ್‌ವುಡ್ ಎಂಬ ಇಬ್ಬರು ಕೋಲ್‌ಮನ್ ಸಾಸಿವೆ ಪುಡಿಯ ತಗಡಿನ ಡಬ್ಬಿಯಿಂದ ಕಟ್ಟಿದ್ದರು. ಅದು ಮಾರುಕಟ್ಟೆಗೆ ಬಂದದ್ದು 1924ರಲ್ಲಿ, ಅಂದರೆ ನಮ್ಮ ಟಿಳಕವಾಡಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದ ವರ್ಷ. ಯುನೀಕ್ ಬತ್ತಿಯ ಲೈಟರ್, ಪೆಟ್ರೋಲಿನಂಥ ದ್ರವ ತುಂಬುವಂಥದ್ದು. ಅದರ ಹೆಗ್ಗಳಿಕೆ ಎಂದರೆ ಒಂದೇ ಕೈಯಿಂದ, ಒಂದೇ ಚಲನೆಯಲ್ಲಿ ಹೊತ್ತಿಸಬಹುದಾಗಿದ್ದದ್ದು.

ರೋಲಾಗ್ಯಾಸ್ ಬಂದದ್ದು 1956ರಲ್ಲಿ. ಯುರೋಪಿನಲ್ಲಿ ಆ ಹೊತ್ತಿಗೆ ಬ್ಯೂಟೇನ್ ಅನಿಲದ ಲೈಟರುಗಳು ನೆಲೆಯೂರಿದ್ದವು, ಎಸ್.ಟಿ. ಡ್ಯುಪಾಂ ಕಂಪನಿ 1952ರಲ್ಲಿಯೇ ತನ್ನ ಅನಿಲದ ಲೈಟರನ್ನು ಹೊರತಂದಿತ್ತು. ಯುನೀಕ್‌ನ ಒಂದೇ ಚಲನೆಯ ತತ್ವವನ್ನು ರೋಲಾಗ್ಯಾಸ್ ಅನಿಲಕ್ಕೆ ಒಗ್ಗಿಸಿತು. ಮೇಲ್ಭಾಗದ ಅಂಚಿನಲ್ಲಿ ಗೀರುಗಳಿರುವ ಒಂದು ಉರುಳೆ ಇದೆ. ಹೆಬ್ಬೆರಳಿನಿಂದ ಅದನ್ನು ಕೆಳಮುಖವಾಗಿ ಉರುಳಿಸಿದರೆ ಒಳಗಿನ ಚಕ್ರ ತಿರುಗಿ ಕಿಡಿ ಹಾರುತ್ತದೆ, ಅದೇ ಒತ್ತಡಕ್ಕೆ ಮುಚ್ಚಳದ ತೋಳು ಮೇಲೇಳುತ್ತದೆ, ತೋಳಿನ ಜೊತೆಗೇ ಕವಾಟ ತೆರೆದು ಅನಿಲ ಹೊರಬರುತ್ತದೆ. ಬೆರಳು ಬಿಟ್ಟರೆ ತೋಳು ಕೂರುತ್ತದೆ, ಜ್ವಾಲೆ ಆರುತ್ತದೆ, ಕವಾಟ ಮುಚ್ಚುತ್ತದೆ. ಮೂರು ಕೆಲಸಗಳ ಕ್ರಮ ಕೂದಲೆಳೆಯಷ್ಟು ತಪ್ಪಿದರೂ ಅದು ಹೊತ್ತುವುದಿಲ್ಲ: ಅನಿಲ ತಡವಾಗಿ ಬಂದರೆ ಕಿಡಿ ಬರಿದೇ ಹಾರಿಹೋಗುತ್ತದೆ, ಬೇಗ ಬಂದರೆ ಮೊದಲ ಜ್ವಾಲೆ ಭುಗಿಲೆನ್ನುತ್ತದೆ. ಜೀವನವಿಡೀ ಕವಾಟಗಳನ್ನು ಬಿಚ್ಚಿ ಜೋಡಿಸಿದ ನನಗೆ, ಬೆರಳುಗಾತ್ರದ ಜಾಗದಲ್ಲಿ ಇಷ್ಟನ್ನು ಹೊಂದಿಸಿದ ಕೈಗಳ ಬಗ್ಗೆ ಗೌರವ ಮೂಡಿತು. ಬಳಸಬಳಸುತ್ತ ಆ ಗೌರವ ಹೆಚ್ಚಿದೆ.

ಆದರೆ ನನ್ನ ಕೈಗೆ ಬಂದ ದಿನ ಈ ಯಂತ್ರ ಸತ್ತಂತಿತ್ತು. ವ್ಯಾಪಾರಿ ‘ಚಾಲೂ ಐತ್ರಿ, ಗ್ಯಾಸ್ ಮುಗದೈತಿ ಅಷ್ಟ’ ಎಂದು ಹೇಳಿ ಕೊಟ್ಟಿದ್ದರು. ಅನಿಲ ತುಂಬಿದರೆ ಮರುದಿನ ಬೆಳಿಗ್ಗೆಗೆ ಒಳಗೆ ಏನೂ ಉಳಿಯುತ್ತಿರಲಿಲ್ಲ. ಉರುಳೆ ತಿರುಗುತ್ತಿತ್ತು, ಕಿಡಿಯ ಸುಳಿವಿರಲಿಲ್ಲ. ವ್ಯಾಪಾರಿ ಸುಳ್ಳಾಡಿದರೆಂದು ಹೇಳಲಾರೆ. ಅವರಿಗೆ ಬೆಳ್ಳಿಯ ಮೈ ಗೊತ್ತಿತ್ತು, ಒಳಗಿನದು ಗೊತ್ತಿರಲಿಲ್ಲ. ಈ ಲೈಟರುಗಳನ್ನು ಮಾರುವವರಲ್ಲಿಯೂ ಕೊಳ್ಳುವವರಲ್ಲಿಯೂ ಹೆಚ್ಚಿನವರ ಸ್ಥಿತಿ ಇದೇ. ಎಲ್ಲರೂ ಮುಲಾಮು ನೋಡುತ್ತಾರೆ, ಕೆತ್ತನೆ ನೋಡುತ್ತಾರೆ, ಹೆಸರು ಓದುತ್ತಾರೆ. ಇದು ಒತ್ತಡದಲ್ಲಿರುವ ಅನಿಲವನ್ನು ಹಿಡಿದಿಡಬೇಕಾದ ಪಾತ್ರೆ ಎಂಬುದು ನೆನಪಿಗೆ ಬರುವುದು ಹಣ ಕೊಟ್ಟು ಮನೆಗೆ ಬಂದ ಮೇಲೆ.

ಒತ್ತಡದ ಲೆಕ್ಕ ಹೀಗಿದೆ. ಬ್ಯೂಟೇನ್ ಸೊನ್ನೆ ಡಿಗ್ರಿಗಿಂತ ತುಸು ಕೆಳಗೆ, ಅಂದರೆ ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಲೈಟರಿನೊಳಗೆ ಅದು ದ್ರವವಾಗಿ ಉಳಿಯುವುದು ತನ್ನದೇ ಆವಿಯ ಒತ್ತಡದಿಂದ. 20 ಡಿಗ್ರಿಯಲ್ಲಿ ಆ ಒತ್ತಡ ಸುಮಾರು 2 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು), 40 ಡಿಗ್ರಿಯಲ್ಲಿ 3.8 ಬಾರ್‌ನ ಹತ್ತಿರ. ನಾವು ಕಾರ್ಖಾನೆಯಲ್ಲಿ ನೂರಾರು ಬಾರ್‌ಗಳಲ್ಲಿ ಪರೀಕ್ಷೆ ಮಾಡುತ್ತಿದ್ದವರಿಗೆ ಇದು ದೊಡ್ಡ ಸಂಖ್ಯೆ ಅನ್ನಿಸಲಿಕ್ಕಿಲ್ಲ. ಎಣ್ಣೆ ನುಸುಳದ ಸಂದಿಯಲ್ಲಿ ಅನಿಲ ನುಸುಳುತ್ತದೆ, ತೊಂದರೆ ಇರುವುದು ಅಲ್ಲಿ. ಅದನ್ನು ತಡೆಯುವುದು ಒಂದೆರಡು ಸಣ್ಣ ರಬ್ಬರ್ ಉಂಗುರಗಳು, ನಾವು ಓ-ರಿಂಗ್ ಎನ್ನುವಂಥವು. ಯಾವ ಕಂಪನಿಯ ರಬ್ಬರ್ ಆದರೂ ನಾಲ್ಕೈದು ದಶಕಗಳಲ್ಲಿ ಗಟ್ಟಿಯಾಗಿ, ಚಪ್ಪಟೆಯಾಗಿ, ಬಿರುಕು ಬಿಡುತ್ತದೆ. ಆದ್ದರಿಂದ ಇಷ್ಟು ಹಳೆಯ ಅನಿಲದ ಲೈಟರ್ ಸೋರಿದರೆ ಅದನ್ನು ತಯಾರಿಕೆಯ ದೋಷವೆಂದು ಎಣಿಸಬಾರದು. ಅದು ಮುಪ್ಪು, ಮತ್ತು ಚಿಕಿತ್ಸೆ ಇರುವ ಮುಪ್ಪು.

ಮೊದಲು ನಾನು ಅದನ್ನು ಒಬ್ಬ ದುರಸ್ತಿಗಾರರಿಗೆ ಕೊಟ್ಟೆ. ಅವರು ಎರಡು ದಿನದಲ್ಲಿ ಹೊಸ ವಾಷರ್ ಹಾಕಿ 400 ರೂಪಾಯಿ ತೆಗೆದುಕೊಂಡರು. ಒಂದು ವಾರ ಲೈಟರ್ ಚೆನ್ನಾಗಿ ಹೊತ್ತಿತು. ಎರಡನೆಯ ವಾರ ತುಂಬುವ ಕವಾಟ ಸಿಕ್ಕಿಕೊಂಡು ಅನಿಲ ಒಳಗೇ ಹೋಗದಾಯಿತು. ಕಾರಣ ನನಗೆ ಆಗಲೇ ಹೊಳೆಯಬೇಕಾಗಿತ್ತು. ಅವರು ಹಾಕಿದ್ದು ನೀರಿನ ನಲ್ಲಿಗೆ ಹಾಕುವಂಥ ಸಾಧಾರಣ ರಬ್ಬರು. ಬ್ಯೂಟೇನ್ ಪೆಟ್ರೋಲಿನ ಬಳಗದ ಹೈಡ್ರೋಕಾರ್ಬನ್. ಸಾಧಾರಣ ರಬ್ಬರು ಅದನ್ನು ಹೀರಿಕೊಂಡು ನೆನೆದ ಕಡಲೆಯಂತೆ ಉಬ್ಬುತ್ತದೆ. ಇಂಥ ಕಡೆ ಬೇಕಾದದ್ದು ನೈಟ್ರೈಲ್ ರಬ್ಬರು, ಉದ್ಯಮಬಾಗದ ಯಾವ ಹುಡುಗನಿಗಾದರೂ ಎನ್‌ಬಿಆರ್ ಎಂದರೆ ತಿಳಿಯುವಂಥದ್ದು. ಬೆಳಗಾವಿ ಫೌಂಡ್ರಿ ಮತ್ತು ಹೈಡ್ರಾಲಿಕ್ಸ್‌ನ ಊರಾದದ್ದರಿಂದ ಒಂದು ಮಿಲಿಮೀಟರ್ ದಪ್ಪದ ನೈಟ್ರೈಲ್ ಉಂಗುರಗಳು ಇಲ್ಲಿ ಹುಡುಕಿದರೆ ಕೆಲವೇ ರೂಪಾಯಿಗಳಿಗೆ ಸಿಗುತ್ತವೆ. ವಿದೇಶದಿಂದ ತರಿಸುವ ದುರಸ್ತಿ ಕಿಟ್ಟುಗಳಿಗೆ ಸಾವಿರಾರು ರೂಪಾಯಿ ಕೊಡುವ ಸಂಗ್ರಾಹಕರು ಈ ಮಾತನ್ನು ಗಮನಿಸಬೇಕೆಂದು ಕೋರುತ್ತೇನೆ. ಅಳತೆ ಮಾತ್ರ ನಿಖರವಾಗಿರಬೇಕು. ಒಳವ್ಯಾಸ, ದಪ್ಪ ಎರಡನ್ನೂ ವರ್ನಿಯರ್ ಅಳತೆಗೋಲಿನಿಂದ ಅಳೆಯಬೇಕಾದದ್ದು ಲೋಹದಲ್ಲಿ ಕೊರೆದಿರುವ ತೋಡಿನಿಂದ. ಹಳೆಯ ಉಂಗುರ ಚಪ್ಪಟೆಯಾಗಿರುವುದರಿಂದ ಅದರ ಅಳತೆ ದಾರಿ ತಪ್ಪಿಸುತ್ತದೆ.

ಕೊನೆಗೆ ಕೆಲಸ ಸರಿಯಾದದ್ದು ಖಡೇಬಜಾರಿನ ಒಳಗಲ್ಲಿಯೊಂದರ ಹಿರಿಯ ಗಡಿಯಾರ ದುರಸ್ತಿಗಾರರ ಕೈಯಲ್ಲಿ. ಅವರ ಹೆಸರನ್ನು ಇಲ್ಲಿ ಹಾಕಲು ಅವರು ಒಪ್ಪಲಿಲ್ಲ, ಆದರೆ ಅವರ ಕೆಲಸದ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕಡಿ ಅಗಲದ ಅಂಗಡಿ, ಒಂದು ಕಣ್ಣಿನ ಮಸೂರ, ಹಿತ್ತಾಳೆಯ ಚಿಮಟಗಳು. ಉಂಗುರಗಳನ್ನು ನಾನು ತಂದುಕೊಟ್ಟೆ; ಬಿಚ್ಚುವ, ಕೂರಿಸುವ ಕೆಲಸ ಅವರದು. ಬುಡದ ತಿರುಪಿಗೆ ಹೊಂದುವ ಸ್ಕ್ರೂಡ್ರೈವರ್ ತಮ್ಮಲ್ಲಿಲ್ಲವೆಂದು ಕಂಡಾಗ ಅವರು ಇದ್ದುದರಿಂದಲೇ ಪ್ರಯತ್ನಿಸಲಿಲ್ಲ. ಒಂದು ಹಳೆಯ ಅಲಗನ್ನು ಸಾಣೆಕಲ್ಲಿನ ಮೇಲೆ ಉಜ್ಜಿ, ತಿರುಪಿನ ಗೀರಿಗೆ ತುಂಬಿ ಕೂರುವಂತೆ ಮಾಡಿಕೊಂಡು, ಆಮೇಲೆ ತಿರುಗಿಸಿದರು. ಹಳೆಯ ಲೈಟರುಗಳ ಬುಡದಲ್ಲಿ ಜಾರಿದ ಸ್ಕ್ರೂಡ್ರೈವರಿನ ಗಾಯಗಳನ್ನು ನೋಡಿದವರಿಗೆ ಈ ತಾಳ್ಮೆಯ ಬೆಲೆ ಗೊತ್ತಾಗುತ್ತದೆ.

ಕಿಡಿ ಬಾರದಿದ್ದುದರ ಕಾರಣವನ್ನೂ ಅವರೇ ಹಿಡಿದರು. ಯಾರೋ ಹಿಂದಿನ ಒಡೆಯರು ಲೈಟರನ್ನು ಕಲ್ಲಿನ ಸಮೇತ ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬಳಸದೆ ಬಿಟ್ಟ ಆ ಮಿಶ್ರಲೋಹ ತೇವಕ್ಕೆ ಹಿಟ್ಟಾಗಿ, ಉಬ್ಬಿ, ಕಲ್ಲು ಕೂರುವ ಕೊಳವೆಯನ್ನು ಗಾರೆಯಂತೆ ಮುಚ್ಚಿಬಿಡುತ್ತದೆ. ಬೆಳಗಾವಿಯ ಮಳೆಗಾಲವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಪಾಟಿನ ಚಪ್ಪಲಿಯೂ ಬೂಷ್ಟು ಹಿಡಿಯುತ್ತದೆ. ಅವರು ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ಮರುದಿನ ಕೊಳವೆಗಿಂತ ಸಣ್ಣದಾದ ಡ್ರಿಲ್ ಬಿಟ್ಟನ್ನು ಯಂತ್ರಕ್ಕೆ ಸಿಕ್ಕಿಸದೆ ಬೆರಳುಗಳ ನಡುವೆಯೇ ತಿರುಗಿಸುತ್ತ ಆ ಹಿಟ್ಟನ್ನು ಚೂರುಚೂರಾಗಿ ತೆಗೆದರು. ಯಂತ್ರದಿಂದ ಕೊರೆದಿದ್ದರೆ ಕೊಳವೆಯ ಗೋಡೆ ಕೆತ್ತಿಹೋಗಿ ಮುಂದೆ ಯಾವ ಕಲ್ಲೂ ನೇರವಾಗಿ ಕೂರುತ್ತಿರಲಿಲ್ಲ. ಇಷ್ಟಕ್ಕೆ ಅವರು ಕೇಳಿದ್ದು 1,200 ರೂಪಾಯಿ, ತೆಗೆದುಕೊಂಡ ದಿನ ನಾಲ್ಕು. ಹಣ ಕೊಡುವ ಮುನ್ನ ನನ್ನ ಕಣ್ಣೆದುರಿಗೇ ಅನಿಲ ತುಂಬಿ, ಲೈಟರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ತೋರಿಸಿದರು. ಒಂದೂ ಏಳಲಿಲ್ಲ. ಮನೆಗೆ ತಂದು ನಾನೂ ಪರೀಕ್ಷಿಸಿದೆ: ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿಯಲ್ಲಿ ಇಟ್ಟು, ಹತ್ತು ದಿನ ಬಳಸದೆ, ಮತ್ತೆ ತೂಗಿದೆ. ತೂಕ ಬದಲಾಗಿರಲಿಲ್ಲ. ಸೋರಿಕೆಯ ಬಗ್ಗೆ ತಕ್ಕಡಿ ಹೇಳುವುದಕ್ಕಿಂತ ಖಚಿತವಾದ ಸಾಕ್ಷಿ ಬೇರೊಂದಿಲ್ಲ, ಕೊಳ್ಳುವಾಗಲೂ ವ್ಯಾಪಾರಿ ಒಪ್ಪಿದರೆ ಇದನ್ನೇ ಮಾಡಬೇಕು.

ಎರಡು ವರ್ಷದ ಬಳಕೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಜ್ವಾಲೆ ಮೃದು, ಹಳದಿ, ನೇರ. ದೀಪದ ಬತ್ತಿಗೆ, ಊದುಬತ್ತಿಗೆ ಇದು ಹೇಳಿ ಮಾಡಿಸಿದ ಜ್ವಾಲೆ. ಈಗಿನ ಜೆಟ್ ಲೈಟರುಗಳ ನೀಲಿ ಉರಿಯಂತೆ ಬತ್ತಿಯ ತುದಿಯನ್ನು ಸುಟ್ಟು ಕರಕಲು ಮಾಡುವುದಿಲ್ಲ. ಗಾಳಿಗೆ ಮಾತ್ರ ನಿಲ್ಲುವುದಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಅಂಗಳದ ತುಳಸಿಕಟ್ಟೆಯ ಹತ್ತಿರ ಇದನ್ನು ಹಿಡಿದು ನಿಂತರೆ ಕೈಯನ್ನು ಮರೆಮಾಡಿ ಮೂರು ಸಲ ಪ್ರಯತ್ನಿಸಬೇಕಾಗುತ್ತದೆ. ದೀಪಕ್ಕೆ ಬಗ್ಗಿಸಿ ಹಿಡಿದಾಗ ಲೋಹ ಬೇಗ ಬಿಸಿಯಾಗುತ್ತದೆ ಎಂಬುದೂ ಗಮನಿಸಬೇಕಾದ ಮಾತು. ಐದು ಬತ್ತಿಯ ದೀಪವನ್ನು ಒಂದೇ ಉಸಿರಿನಲ್ಲಿ ಹೊತ್ತಿಸಲು ಹೋಗಬಾರದು, ನಡುವೆ ಒಮ್ಮೆ ಆರಿಸಿ ಬಿಡುವು ಕೊಡಬೇಕು. ಉರುಳೆಯ ಚಲನೆ ಎಡಗೈಯವರಿಗೆ ಅಷ್ಟು ಒಗ್ಗುವುದಿಲ್ಲ. ನನ್ನ ಹೆಂಡತಿ ಎಡಗೈ ಬಳಸುವವರು. ಅವರಿಗೆ ಇಂದಿಗೂ ಇದು ಹಿಡಿಸಿಲ್ಲ, ಅವರು ಕಡ್ಡಿಯನ್ನೇ ಗೀರುತ್ತಾರೆ.

ತುಂಬುವ ಅನಿಲದಲ್ಲಿ ಜಿಪುಣತನ ಸಲ್ಲದು. ಕೆಳದರ್ಜೆಯ ಡಬ್ಬಿಗಳಲ್ಲಿ ಎಣ್ಣೆಯಂಶವೂ ಪ್ರೊಪೇನ್ ಬೆರಕೆಯೂ ಹೆಚ್ಚಿರುತ್ತವೆ. ಎಣ್ಣೆಯಂಶ ಸಣ್ಣ ರಂಧ್ರಗಳನ್ನು ಕಟ್ಟುತ್ತದೆ. ಪ್ರೊಪೇನಿನ ಆವಿಯ ಒತ್ತಡ 20 ಡಿಗ್ರಿಯಲ್ಲಿಯೇ ಬ್ಯೂಟೇನಿನದಕ್ಕಿಂತ ಸುಮಾರು ನಾಲ್ಕು ಪಟ್ಟು, ಅದನ್ನು ಹಳೆಯ ಉಂಗುರಗಳ ಮೇಲೆ ಹೇರಬಾರದು. ತುಂಬುವ ಮುನ್ನ ಒಳಗೆ ಉಳಿದ ಅನಿಲ ಮತ್ತು ಗಾಳಿಯನ್ನು ಕವಾಟ ಒತ್ತಿ ಪೂರ್ತಿ ಹೊರಬಿಡಬೇಕು. ಲೈಟರನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ, ಬುಡ ಮೇಲೆ ಮಾಡಿ, ಡಬ್ಬಿಯನ್ನು ತಲೆಕೆಳಗಾಗಿಸಿ ನೇರವಾಗಿ ಒತ್ತಿದರೆ ದ್ರವ ತಾನಾಗಿ ಇಳಿಯುತ್ತದೆ. ದೀಪ, ಒಲೆ ಉರಿಯುವ ಕೋಣೆಯಲ್ಲಿ ಈ ಕೆಲಸ ಮಾಡಲೇಬಾರದು. ತುಂಬಿದ ಮೇಲೆ ಐದು ನಿಮಿಷ ಬಿಟ್ಟು ಹೊತ್ತಿಸಬೇಕು. ಮಳೆಗಾಲದ ತೇವವೊಂದನ್ನು ಬಿಟ್ಟರೆ, ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ಬೆಳಗಾವಿಯ ತಂಪು ಹವೆ ಈ ಲೈಟರುಗಳಿಗೆ ಬಹಳ ಒಗ್ಗುತ್ತದೆ. ವಿಜಯಪುರ, ಬಾಗಲಕೋಟೆಯ ಗೆಳೆಯರು ಏಪ್ರಿಲ್, ಮೇ ತಿಂಗಳುಗಳಲ್ಲಿ ಲೈಟರನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದಂತೂ ಅಪಾಯವೇ.

ಇದೇ ಹಣಕ್ಕೆ, ಅಥವಾ ಇದರ ಸುತ್ತಮುತ್ತಲ ಬೆಲೆಗೆ, ಬೇರೆ ಏನು ಸಿಗುತ್ತದೆ ಎಂಬ ಪ್ರಶ್ನೆ ಸಹಜ. ಹೋಲಿಕೆಗೆ ಮೊದಲು ಬರುವುದು ಡ್ಯುಪಾಂ. ಸಿಮೋನ್ ತಿಸೋ-ಡ್ಯುಪಾಂ 1872ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಈ ಮನೆತನ ಮೂಲತಃ ಚರ್ಮದ ಪ್ರಯಾಣ ಪೆಟ್ಟಿಗೆಗಳದ್ದು. ಅವರು ಲೈಟರಿಗೆ ಬಂದ ಕತೆಯಲ್ಲಿ ನಮ್ಮ ದೇಶದ ಪಾತ್ರವಿದೆ: ಪಟಿಯಾಲದ ಮಹಾರಾಜರು ಕೇಳಿದ ಚಿನ್ನದ ಲೈಟರುಗಳೇ 1941ರಲ್ಲಿ ತಮ್ಮ ಮೊದಲ ಪೆಟ್ರೋಲ್ ಲೈಟರಿಗೆ ಕಾರಣವೆಂದು ಕಂಪನಿ ತನ್ನ ಚರಿತ್ರೆಯಲ್ಲಿ ಹೇಳಿಕೊಳ್ಳುತ್ತದೆ. ನಮ್ಮೂರಿನ ಶಹಾಪುರದ ಗೆಳೆಯರೊಬ್ಬರ ಬಳಿ ಚೀನೀ ಅರಗಿನ ಲೇಪವಿರುವ, ಡ್ಯುಪಾಂನ ‘ಲೀನ್ 2’ ಮಾದರಿ ಇದೆ. ಅದನ್ನು ನಾನು ಒಂದು ತಿಂಗಳು ಬಳಸಿ ನೋಡಿದ್ದೇನೆ. ಮುಚ್ಚಳ ತೆರೆದಾಗ ಬರುವ ಕ್ಲಿಂಗ್ ಎಂಬ ನಾದ, ಗಂಟೆಯನ್ನು ಉಗುರಿನಿಂದ ತಟ್ಟಿದಂತೆ, ಕೇಳಿದಷ್ಟು ಸಲವೂ ಮನಸ್ಸಿಗೆ ಹಿತ. ಗಾತ್ರಕ್ಕೆ ಮೀರಿದ ಗಟ್ಟಿತನವಿದೆ, ಅರಗಿನ ಹೊಳಪು ನಮ್ಮ ಚನ್ನಪಟ್ಟಣದ ಅರಗನ್ನು ಬಲ್ಲವರನ್ನೂ ಸುಮ್ಮನಾಗಿಸುತ್ತದೆ. ಹಾಗಿದ್ದೂ ನಾನು ರೋಲಾಗ್ಯಾಸನ್ನೇ ಆರಿಸುತ್ತೇನೆ. ಡ್ಯುಪಾಂನ ಅನಿಲದ ಡಬ್ಬಿ ತಿರುಪಿನಿಂದ ಕೂರುವಂಥದ್ದು. ಮಾದರಿಗೊಂದು ಬಣ್ಣದ ಡಬ್ಬಿ, ಕಲ್ಲಿಗೂ ಬಣ್ಣದ ಲೆಕ್ಕ. ಬೆಳಗಾವಿಯಲ್ಲಿ ಅವು ಸಿಗುವುದಿಲ್ಲ, ಒತ್ತಡದ ಡಬ್ಬಿಗಳನ್ನು ಅಂಚೆಯಲ್ಲಿ ತರಿಸುವಂತೆಯೂ ಇಲ್ಲ. ನನ್ನ ರೋಲಾಗ್ಯಾಸಿಗೆ ಸಾಧಾರಣ ಡಬ್ಬಿಯ ಮುಚ್ಚಳದಲ್ಲಿ ಬರುವ ಪ್ಲಾಸ್ಟಿಕ್ ಅಡಾಪ್ಟರ್ ಸಾಕಾಗಿದೆ. ಅರಗು ಒಮ್ಮೆ ಚಕ್ಕೆಯೆದ್ದರೆ ಇಲ್ಲಿ ಸರಿಮಾಡುವವರಿಲ್ಲ ಎಂಬುದೂ ಒಂದು ಯೋಚನೆ.

ಫ್ರಾನ್ಸಿನ ಒಡವೆ ಕಂಪನಿ ಕಾರ್ಟಿಯೇಯ ಅಂಡಾಕಾರದ ತೆಳು ಲೈಟರನ್ನು ಒಡವೆಯ ಪ್ರೀತಿಯಿಂದ ಕೊಳ್ಳಬಹುದು. ಅಂಗೈಯಲ್ಲಿ ಅದರಷ್ಟು ಚೆಲುವಾಗಿ ಕೂರುವ ಲೈಟರನ್ನು ನಾನು ಕಂಡಿಲ್ಲ. ಜಿಪ್ಪೊ ಐಷಾರಾಮಿ ವಸ್ತುವಲ್ಲದಿದ್ದರೂ ಸಂಗ್ರಹ ಆರಂಭಿಸುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ. 1932ರಲ್ಲಿ ಜಾರ್ಜ್ ಬ್ಲೈಸ್‌ಡೆಲ್ ಅಮೆರಿಕದ ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್‌ನಲ್ಲಿ ಆರಂಭಿಸಿದ ಈ ಕಂಪನಿ, ಆರಂಭದಲ್ಲಿ 1.95 ಡಾಲರಿಗೆ ಮಾರಿದ ಲೈಟರನ್ನೂ ಇಂದು ಹಣವಿಲ್ಲದೆ ದುರಸ್ತಿ ಮಾಡಿಕೊಡುವ ವಾಗ್ದಾನವನ್ನು ಉಳಿಸಿಕೊಂಡಿದೆ. ಅದರ ಬುಡದ ಗುರುತುಗಳನ್ನು ಓದಲು ಕಲಿತರೆ ವಯಸ್ಸು ತಾನಾಗಿ ತಿಳಿಯುತ್ತದೆ: 1986ರಿಂದ 2000ದವರೆಗೆ ವರ್ಷವನ್ನು ರೋಮನ್ ಅಂಕಿಗಳಲ್ಲಿ ಒತ್ತಿದ್ದಾರೆ, ಅದಕ್ಕೆ ಮುಂಚೆ ಚುಕ್ಕೆ, ಗೆರೆಗಳ ಪದ್ಧತಿ ಇತ್ತು. ಬತ್ತಿಯ ಲೈಟರ್ ಆದ್ದರಿಂದ ಉಂಗುರಗಳ ತಲೆನೋವಿಲ್ಲ. ದ್ರವ ಬಳಸದಿದ್ದರೂ ಆರಿಹೋಗುತ್ತದೆ, ವಾರಕ್ಕೊಮ್ಮೆ ತುಂಬುವ ತಾಳ್ಮೆ ಬೇಕು.

ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಲೈಟರ್ ಕೂಡ ಹೊತ್ತುತ್ತದಲ್ಲ ಎಂದು ಕೇಳುವವರಿದ್ದಾರೆ. ಹೊತ್ತುತ್ತದೆ, ಮುಗಿದ ಮೇಲೆ ಚರಂಡಿ ಸೇರುತ್ತದೆ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ 20 ರೂಪಾಯಿಗಿಂತ ಕಡಿಮೆ ಆಮದು ಬೆಲೆಯ ಲೈಟರುಗಳ ಆಮದನ್ನು ನಿಷೇಧಿಸಿತು. ಅಂಥ ಲೈಟರಿನಲ್ಲಿ ಬಿಚ್ಚಲು ತಿರುಪಿಲ್ಲ, ಬದಲಿಸಲು ಉಂಗುರವಿಲ್ಲ. ರೋಲಾಗ್ಯಾಸಿನ ಪ್ರತಿಯೊಂದು ಭಾಗವನ್ನೂ ಇನ್ನೊಬ್ಬ ಮನುಷ್ಯ ಮುಂದೆ ಬಿಚ್ಚುತ್ತಾನೆಂದು ಎಣಿಸಿಯೇ ಮಾಡಿದ್ದಾರೆ. ನಾನು ಇಷ್ಟು ಹಣ ಕೊಟ್ಟದ್ದು ಆ ಎಣಿಕೆಗೆ.

ಮೈಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಮನೆಗಳಲ್ಲಿ ಬೆಳ್ಳಿಯ ಸಾಮಾನನ್ನು ವಿಭೂತಿಯಿಂದ ಉಜ್ಜುವುದು ರೂಢಿ. ಗಟ್ಟಿ ಬೆಳ್ಳಿಯ ಬಟ್ಟಲಿಗೆ ಅದು ಸರಿ. ಮುಲಾಮಿನ ಲೈಟರಿಗೆ ಬೇಡ. ಬೂದಿಯ ಕಣಗಳು ಮುಲಾಮಿನ ತೆಳು ಪದರವನ್ನು ಸವೆಸಿ ಅಂಚುಗಳಲ್ಲಿ ಹಿತ್ತಾಳೆಯನ್ನು ಹೊರತರುತ್ತವೆ, ಬಾರ್ಲಿ ಕೆತ್ತನೆಯ ಕಣ ಮೊನಚು ಕಳೆದುಕೊಳ್ಳುತ್ತದೆ. ಮೆತ್ತನೆಯ ಹತ್ತಿ ಬಟ್ಟೆ, ಹೆಚ್ಚೆಂದರೆ ಬಟ್ಟೆಯ ತುದಿಗೆ ಒಂದು ಹನಿ ಸೋಪಿನ ನೀರು, ಅಷ್ಟೇ. ಕೊಳ್ಳುವಾಗ ಅತಿಯಾಗಿ ಥಳಥಳಿಸುವ ಲೈಟರನ್ನು ಕಂಡರೆ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಬೇಕು. ಹೊಳಪು ಕೊಡುವ ಯಂತ್ರದ ಚಕ್ರಕ್ಕೆ ಸಿಕ್ಕ ಮೂಲೆ ಸೋಪಿನ ತುಂಡಿನಂತೆ ಗುಂಡಗಾಗಿರುತ್ತದೆ, ಬುಡದ ಅಕ್ಷರಗಳು ಮಬ್ಬಾಗಿರುತ್ತವೆ. ಅಂಥದ್ದಕ್ಕಿಂತ ಕಪ್ಪಿಟ್ಟ ಬೆಳ್ಳಿಯ, ಮುಟ್ಟದ ಲೈಟರೇ ಮೇಲು. ನಕಲುಗಳಲ್ಲಿ ಸಾಮಾನ್ಯವಾಗಿ ಬುಡದ ಅಕ್ಷರಗಳ ಆಳ ಒಂದೇ ಸಮನಾಗಿರುವುದಿಲ್ಲ, ಮುಚ್ಚಳದ ಕೀಲಿನಲ್ಲಿ ಅಲುಗಾಟವಿರುತ್ತದೆ.

ಇಂಥ ಲೈಟರುಗಳು ಬೆಳಗಾವಿಯಲ್ಲಿ ಏಕೆ ಸಿಗುತ್ತವೆ ಎಂದು ಬೇರೆ ಊರಿನ ಗೆಳೆಯರು ಕೇಳುತ್ತಾರೆ. ಇದು ದಂಡಿನ ಊರು. ಅಧಿಕಾರಿಗಳ ಬಂಗಲೆಗಳು ಖಾಲಿಯಾದಾಗ ಪೆಟ್ಟಿಗೆಗಳು ಇಲ್ಲಿಯೇ ಉಳಿದಿವೆ. 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಗೋವೆ ಘಟ್ಟದ ಕೆಳಗೇ ಇದೆ. ಆ ಕಾಲದ ವಿದೇಶಿ ಗಡಿಯಾರ, ಪೆನ್ನು, ಲೈಟರುಗಳು ಗೋವೆಯ ನೆಂಟರ ಕೈಯಲ್ಲಿ ಘಟ್ಟ ಹತ್ತಿ ಬಂದದ್ದನ್ನು ನಮ್ಮ ಓಣಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದದ್ದು ಆಮೇಲಿನದು. ಕೊಂಡು ಬೇರೆ ಊರಿಗೆ ಒಯ್ಯುವವರು ಒಂದನ್ನು ನೆನಪಿಡಬೇಕು: ನಮ್ಮ ದೇಶದ ವಿಮಾನಗಳಲ್ಲಿ ಲೈಟರನ್ನು ಕೈಚೀಲದಲ್ಲಿಯೂ ಸಾಮಾನಿನ ಪೆಟ್ಟಿಗೆಯಲ್ಲಿಯೂ ಒಯ್ಯುವಂತಿಲ್ಲ. ಸಾಂಬ್ರಾ ನಿಲ್ದಾಣದಲ್ಲಿ ಅಂಥದ್ದೊಂದನ್ನು ಬಿಟ್ಟುಕೊಟ್ಟು ವಿಮಾನ ಹತ್ತಿದ ಪರಿಚಿತರ ಸಂಕಟವನ್ನು ನಾನು ಕಂಡಿದ್ದೇನೆ. ರೈಲಿನಲ್ಲಿ ಒಯ್ಯುವುದಾದರೂ ಅನಿಲವನ್ನು ಪೂರ್ತಿ ಹೊರಬಿಟ್ಟೇ ಒಯ್ಯಬೇಕು.

ಒಟ್ಟು ಖರ್ಚು ಲೈಟರಿಗೆ 9,500, ಹಾಳಾದ ದುರಸ್ತಿಗೆ 400, ಸರಿಯಾದ ದುರಸ್ತಿಗೆ 1,200. ಉಂಗುರ, ಕಲ್ಲು, ಅನಿಲಗಳಿಗೆ ಎರಡು ವರ್ಷದಲ್ಲಿ 700ರ ಹತ್ತಿರ. ಸೋರುವ, ಕಿಡಿ ಬಾರದ, ಆದರೆ ಉರುಳೆ ಸಲೀಸಾಗಿ ತಿರುಗುವ, ತೋಳು ನೇರವಾಗಿ ಏಳುವ ರೋಲಾಗ್ಯಾಸ್ ನಿಮಗೆ 6,000 ರೂಪಾಯಿಯೊಳಗೆ ಸಿಕ್ಕರೆ ಹಿಂಜರಿಯದೆ ಕೊಳ್ಳಿ. ತೋಳು ಬಾಗಿದ್ದರೆ, ಉರುಳೆಯ ಗೀರುಗಳು ನುಣ್ಣಗಾಗಿದ್ದರೆ ಮುಲಾಮು ಎಷ್ಟೇ ಚೆನ್ನಾಗಿರಲಿ ಬಿಟ್ಟುಬಿಡಿ. ಆ ಭಾಗಗಳು ಇಲ್ಲಿ ಸಿಗುವುದಿಲ್ಲ, ಮಾಡಿಸಲೂ ಆಗುವುದಿಲ್ಲ. ನನ್ನ ಲೈಟರಿನ ಎಡ ಅಂಚಿನಲ್ಲಿ ಹಿಂದಿನ ಒಡೆಯರ ಬೆರಳು ಸವೆಸಿದ ಜಾಗದಲ್ಲಿ ಒಂದಿಷ್ಟು ಹಿತ್ತಾಳೆ ಕಾಣುತ್ತದೆ. ಗಡಿಯಾರದ ಹಿರಿಯರು ಹೊಸ ಮುಲಾಮು ಹಾಕಿಸಲೇ ಎಂದು ಕೇಳಿದ್ದರು. ಬೇಡವೆಂದೆ. ಈಗ ನನ್ನ ಹೆಬ್ಬೆರಳು ಕೂರುವುದೂ ಅದೇ ಜಾಗದಲ್ಲಿ.